ಯಡ್ರಾಮಿಯ ದಸ್ತರ್‌ಖಾನಿನಲ್ಲಿ ಒಂದು ಪುಟ್ಟ ಜಾಗ

ಕಲಬುರಗಿಯ ಬಸ್ ನಿಲ್ದಾಣದಲ್ಲಿ ನಿಂತು ನೀವು ಯಡ್ರಾಮಿಯ ಬಸ್ಸು ಯಾವುದೆಂದು ಕೇಳಿದರೆ, ಯಾರಾದರೂ ಒಬ್ಬರು ನಿಮ್ಮ ಕೈಯಲ್ಲಿರುವ ಚೀಲವನ್ನೊಮ್ಮೆ ನೋಡಿ, "ಜೇವರ್ಗಿ ಬಸ್ ಹತ್ರಿ ಯಕ್ಕಾ, ಅಲ್ಲಿಂದ ಸಿಗ್ತಾವ" ಎನ್ನುತ್ತಾರೆ. ಹತ್ತಿ ಕುಳಿತುಕೊಳ್ಳಿ. 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಂಗಸರಿಗೆ ಸಾಮಾನ್ಯ ಸರಕಾರಿ ಬಸ್ಸಿನಲ್ಲಿ ಟಿಕೆಟ್ ಹಣವಿಲ್ಲ. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರ್ ಶೂನ್ಯ ರೂಪಾಯಿಯ ಚೀಟಿ ಹರಿದು ಕೊಡುತ್ತಾನೆ. ಈ ಚೀಟಿಯ ಬೆಲೆ ಏನೆಂದು ನನಗೆ ತಿಳಿದದ್ದು ನನ್ನ ತಂಗಿಯಿಂದ. ತಿಂಗಳಿಗೆ ಎರಡು ಮೂರು ಸಲ ಮಗುವನ್ನು ಎತ್ತಿಕೊಂಡು ಕಲಬುರಗಿಯ ದವಾಖಾನೆಗೆ ಬರುವ ತಾಯಿಗೆ ಅದು ದೊಡ್ಡ ಮೊತ್ತವೇ ಸರಿ.

ಊರು ದಾಟುತ್ತಲೇ ಎರಡೂ ಬದಿಗೆ ಕಪ್ಪು ಮಣ್ಣು. ಡಿಸೆಂಬರ್ ತಿಂಗಳಾದರೆ ತೊಗರಿ ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ, ಹತ್ತಿ ಒಡೆದು ಬೆಳ್ಳಗೆ ನಗುತ್ತಿರುತ್ತದೆ. ಫರಹತಾಬಾದ್ ಕಳೆದು ಕಟ್ಟಿಸಂಗಾವಿಯ ಸೇತುವೆ ಬಂದಾಗ ಬಸ್ಸಿನ ಎಲ್ಲರೂ ಒಮ್ಮೆ ಕಿಟಕಿಯಿಂದ ಭೀಮಾ ನದಿಯನ್ನು ನೋಡುತ್ತಾರೆ. ಅಲ್ಲಿಂದ ಜೇವರ್ಗಿ. ಅಲ್ಲಿ ಬಸ್ಸು ಬದಲಿಸಿ ಮತ್ತೆ ಒಂದು ಗಂಟೆಗೂ ಮೇಲೆ ಕುಳಿತರೆ ಯಡ್ರಾಮಿ. ಕಲಬುರಗಿ ಜಿಲ್ಲೆಯ ನೈರುತ್ಯದ ತುದಿಯಲ್ಲಿ, ವಿಜಯಪುರ ಮತ್ತು ಯಾದಗಿರಿ ಜಿಲ್ಲೆಗಳ ನೆರೆಯಲ್ಲಿರುವ ಊರು. ಮೊದಲು ಜೇವರ್ಗಿ ತಾಲ್ಲೂಕಿಗೆ ಸೇರಿತ್ತು. 2017ರ ಬಜೆಟ್‌ನಲ್ಲಿ ಘೋಷಣೆಯಾದ ಹೊಸ ತಾಲ್ಲೂಕುಗಳಲ್ಲಿ ಇದೂ ಒಂದು.

ನೋಡಲು ಹೋಗುವಂಥ ಕೋಟೆಯೋ ಜಲಪಾತವೋ ಅಲ್ಲಿದೆ ಎಂದು ನಾನು ಈ ಊರಿನ ಬಗ್ಗೆ ಬರೆಯುತ್ತಿಲ್ಲ. ಆ ಊರಿನ ಒಂದು ಓಣಿಯಲ್ಲಿ, ಒಂದು ಮನೆಯಲ್ಲಿ, ಬಾಯಿಂದ ಉಣ್ಣಲಾಗದ ಒಂದು ಹುಡುಗಿ ಇದ್ದಾಳೆ. ಅವಳು ನನ್ನ ತಂಗಿಯ ಮಗಳು. ನಾನು ಅವಳ ಖಾಲಾ. ನಾನು ಹುಟ್ಟಿದ್ದು ಕಲಬುರಗಿಯಲ್ಲಿ, ಮದುವೆಯಾಗಿ ಹೋದದ್ದು ಬೆಂಗಳೂರಿಗೆ. ಯಡ್ರಾಮಿಯ ದಾರಿಯನ್ನು ನನಗೆ ಬಾಯಿಪಾಠ ಮಾಡಿಸಿದವಳು ಆ ಹುಡುಗಿ.

ಮೂಗಿನ ನಳಿ

ಅವಳು ಹುಟ್ಟಿದ್ದು 2021ರಲ್ಲಿ. ಹೆರಿಗೆ ತಡವಾಯಿತು, ಕೂಸು ಅಳಲಿಲ್ಲ. ಉಸಿರಿಲ್ಲದೆ ಹೋದ ಆ ಕೆಲವು ನಿಮಿಷಗಳಲ್ಲಿ ಮಿದುಳಿಗೆ ಪೆಟ್ಟಾಯಿತು. ಸೆರೆಬ್ರಲ್ ಪಾಲ್ಸಿ ಎಂಬ ಹೆಸರು ನಮಗೆ ಗೊತ್ತಾದದ್ದು ವರ್ಷದ ಮೇಲೆ. ಕತ್ತು ನಿಲ್ಲದು, ಕೈಕಾಲು ಬಿಗಿ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಕಾಣದೇ ಇದ್ದದ್ದು ಗಂಟಲು. ನಾವು ನೀವು ಒಂದು ತುತ್ತು ನುಂಗುವಾಗ ನಾಲಿಗೆ, ಗಂಟಲು, ಉಸಿರುದಾರಿಯ ಬಾಗಿಲು ಎಲ್ಲವೂ ಕ್ಷಣದಲ್ಲಿ ಒಂದರ ಹಿಂದೊಂದು ಕೆಲಸ ಮಾಡುತ್ತವೆ. ಅವಳಲ್ಲಿ ಆ ಸರದಿ ತಪ್ಪಿತ್ತು. ಒಂದು ಬಟ್ಟಲು ಗಂಜಿ ಉಣ್ಣಿಸಲು ಎರಡು ಗಂಟೆ ಬೇಕಾಗುತ್ತಿತ್ತು. ಅರ್ಧ ಹೊರಗೆ ಬರುತ್ತಿತ್ತು, ಉಳಿದರ್ಧದಲ್ಲಿ ಎಷ್ಟೋ ಭಾಗ ಎದೆಗೆ ಇಳಿಯುತ್ತಿತ್ತು. ಮೇಲಿಂದ ಮೇಲೆ ನ್ಯುಮೋನಿಯಾ ಆದಾಗ ವೈದ್ಯರು ಮೂಗಿನಿಂದ ಹೊಟ್ಟೆಗೆ ತೆಳುವಾದ ನಳಿ ಇಳಿಸಿ ಕಳುಹಿಸಿದರು.

ಆಸ್ಪತ್ರೆಗಳಲ್ಲಿ ಇದನ್ನು ರೈಲ್ಸ್ ಟ್ಯೂಬ್ ಎನ್ನುತ್ತಾರೆ. 1921ರಲ್ಲಿ ಇಂಥ ನಳಿಯ ಬಗ್ಗೆ ಬರೆದ ಜಾನ್ ರೈಲ್ ಎಂಬ ಇಂಗ್ಲೆಂಡಿನ ವೈದ್ಯರ ಹೆಸರು ಅದು. ನೂರು ವರ್ಷ ಹಳೆಯ ವಸ್ತು. ಆದರೆ ನಮ್ಮ ಮನೆಗೆ ಬಂದಾಗ ಅದು ಹೊಸ ನೆಂಟನಾಗಿತ್ತು, ಯಾರಿಗೂ ಬೇಡವಾದ ನೆಂಟ. ತಂಗಿಯ ಅತ್ತೆ ಮಗುವಿನ ಮುಖ ನೋಡುವುದನ್ನೇ ಬಿಟ್ಟರು. "ಹೊಟ್ಟೆ ತುಂಬಿಸುವುದು ಬೇರೆ, ಉಣ್ಣಿಸುವುದು ಬೇರೆ. ಇದು ಉಣ್ಣಿಸಿದ ಹಾಗಲ್ಲ" ಎಂದರು. ತಂಗಿ ಏನೂ ಅನ್ನಲಿಲ್ಲ. ಆದರೆ ಅಂದಿನಿಂದ ಅವಳು ಮಗುವಿಗೆ ಹಾಲು ಹಾಕುವಾಗ ಕೋಣೆಯ ಬಾಗಿಲು ಮುಚ್ಚಿಕೊಳ್ಳತೊಡಗಿದಳು. ಮನೆಯವರೆಲ್ಲ ಉಣ್ಣುವಾಗ ಮಗುವನ್ನು ಒಳಗೆ ಮಲಗಿಸುತ್ತಿದ್ದಳು. ಅವಳ ಎದುರಿಗೆ ಉಣ್ಣುವುದೇ ಪಾಪವೆಂಬಂತೆ ಎಲ್ಲರೂ ತಲೆ ತಗ್ಗಿಸಿ ಬೇಗ ಬೇಗ ಉಂಡು ಏಳುತ್ತಿದ್ದರು.

ಆ ಈದ್‌ನ ದಿನ

ಈಗ ನಾನು ನಿಮಗೆ ಹೇಳಲಿರುವುದು ನನ್ನ ತಪ್ಪಿನ ಕತೆ. ಮರೆಮಾಚಿ ಬರೆದರೆ ಈ ಲೇಖನದಿಂದ ಯಾರಿಗೂ ಉಪಯೋಗವಿಲ್ಲ.

2023ರ ಈದುಲ್ ಫಿತ್ರ್ ಏಪ್ರಿಲ್ ಕೊನೆಯಲ್ಲಿ ಬಂದಿತ್ತು. ಬಿಸಿಲು ನೆತ್ತಿ ಸುಡುವ ಕಾಲ. ನಾನು ಮಕ್ಕಳನ್ನು ಕರೆದುಕೊಂಡು ತಂಗಿಯ ಮನೆಗೆ ಹೋಗಿದ್ದೆ. ಗಂಡಸರು ಈದ್‌ಗಾಹ್‌ಗೆ ಹೋಗಿದ್ದರು. ಮನೆಯ ತುಂಬ ಶೀರ್ ಖುರ್ಮಾದ ಪರಿಮಳ. ಹೊಸ ಫ್ರಾಕ್ ತೊಟ್ಟು ಗೋಡೆಗೆ ಒರಗಿಸಿದ ದಿಂಬಿನ ಮೇಲೆ ಅವಳು ಕುಳಿತಿದ್ದಳು. ನನ್ನ ಮಕ್ಕಳು ಬಟ್ಟಲು ಹಿಡಿದು ಓಡಾಡುತ್ತಿದ್ದರು. ಅವಳ ಕಣ್ಣು ಆ ಬಟ್ಟಲುಗಳ ಹಿಂದೆಯೇ ಹೋಗುತ್ತಿತ್ತು. ಮೂಗಿನ ಹೊಳ್ಳೆ ಅರಳುತ್ತಿತ್ತು, ತುಟಿ ಅಲುಗುತ್ತಿತ್ತು.

ನನ್ನ ಕರುಳು ಕಿವುಚಿತು. ತಂಗಿ ಸ್ನಾನಕ್ಕೆ ಹೋಗಿದ್ದಳು. ಅರ್ಧ ಚಮಚ, ಬರೀ ಹಾಲು, ಅದರಿಂದ ಏನಾದೀತು ಎಂದುಕೊಂಡೆ. ಬಾಯಿಗೆ ಹಾಕಿದೆ. ಅವಳು ನಕ್ಕಳು. ಹೌದು, ನಕ್ಕಳು. ಕೆಮ್ಮಲಿಲ್ಲ. ನಾನು ಇನ್ನೂ ಎರಡು ಚಮಚ ಹಾಕಿದೆ. ಇವರೆಲ್ಲ ಸುಮ್ಮನೆ ಹೆದರುತ್ತಾರೆ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಮಗ್ರಿಬ್ ಹೊತ್ತಿಗೆ ಮೈ ಬಿಸಿಯಾಯಿತು. ಇಶಾ ಕಳೆಯುವಷ್ಟರಲ್ಲಿ ಉಸಿರಾಟ ಜೋರಾಗಿ ಪಕ್ಕೆ ಒಳಗೆ ಹೊರಗೆ ಆಡತೊಡಗಿತು. ಪರಿಚಯದವರ ಕಾರಿನಲ್ಲಿ ರಾತ್ರಿಯೇ ಹೊರಟೆವು. ಕಿಟಕಿ ಮುಚ್ಚಿದರೆ ಸೆಕೆ, ತೆರೆದರೆ ಧೂಳು. ತಂಗಿ ಮಗುವಿನ ಎದೆಯ ಮೇಲೆ ಕೈಯಿಟ್ಟು ಉಸಿರು ಎಣಿಸುತ್ತಿದ್ದಳು. ಕಟ್ಟಿಸಂಗಾವಿಯ ಸೇತುವೆ ದಾಟುವಾಗ ಮೊದಲ ಬಾರಿಗೆ ನಾನು ನದಿಯನ್ನು ನೋಡಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯೆ ಕೇಳಿದ ಮೊದಲ ಪ್ರಶ್ನೆ: "ಬಾಯಿಂದ ಏನಾದರೂ ಕೊಟ್ಟಿದ್ದೀರಾ?"

"ಇಲ್ಲ" ಎಂದಳು ತಂಗಿ. ಅವಳ ಗಂಡನೂ "ಇಲ್ಲ" ಎಂದ. ಅತ್ತೆಯೂ ಇಲ್ಲವೆಂದರು. ನಾನು ಬಾಯಿ ಬಿಡಲಿಲ್ಲ. ವೈದ್ಯೆ ಒಂದು ಕ್ಷಣ ನಮ್ಮೆಲ್ಲರ ಮುಖ ನೋಡಿ ಒಳಗೆ ಹೋದರು. ಆ ಬಾಗಿಲು ಮುಚ್ಚಿದ ಮೇಲೆ ನನಗೆ ನಿಲ್ಲಲಾಗಲಿಲ್ಲ. ಹಿಂದೆಯೇ ಓಡಿ ಹೋಗಿ, "ನಾನು ಕೊಟ್ಟೆ. ಶೀರ್ ಖುರ್ಮಾದ ಹಾಲು. ಮೂರು ಚಮಚ. ಅವಳು ಕೆಮ್ಮಲೂ ಇಲ್ಲ" ಎಂದೆ.

ಅವರು ಬೈಯಲಿಲ್ಲ. "ಕೆಮ್ಮಲಿಲ್ಲ ಎಂಬುದೇ ಅಪಾಯ. ನಮಗೆ ನಿಮಗೆ ಎದೆಗೆ ಒಂದು ಹನಿ ಇಳಿದರೂ ಕೆಮ್ಮು ಹೊರಗೆ ದಬ್ಬುತ್ತದೆ. ಇಂಥ ಮಕ್ಕಳಲ್ಲಿ ಕೆಲವರಿಗೆ ಆ ಕಾವಲೇ ಇರುವುದಿಲ್ಲ. ಸದ್ದಿಲ್ಲದೆ ಇಳಿಯುತ್ತದೆ. ನೀವು ಹೇಳಿದ್ದು ಒಳ್ಳೆಯದಾಯಿತು, ಯಾವ ಔಷಧ ಕೊಡಬೇಕೆಂದು ನಮಗೆ ತಿಳಿಯಿತು" ಎಂದರು.

ಎಂಟು ದಿನ ಆಸ್ಪತ್ರೆಯಲ್ಲಿದ್ದೆವು. ಮೂರನೆಯ ದಿನ ತಂಗಿಗೂ ಹೇಳಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಆಪಾ, ದಿನವೂ ನನಗೂ ಅದೇ ಆಸೆಯಾಗುತ್ತದೆ. ಮೂರು ಹೊತ್ತೂ ಕೈ ಹಿಡಿದುಕೊಂಡು ಕೂರುತ್ತೇನೆ. ನೀನು ಒಂದು ಸಲ ಕೇಳಬಹುದಿತ್ತು" ಎಂದಳು. ಆ ಮಾತು ಇಂದಿಗೂ ನನ್ನ ಕಿವಿಯಲ್ಲಿದೆ.

ಹೊಟ್ಟೆಗೆ ದಾರಿ

ಮೂಗಿನ ನಳಿ ಕೆಲವು ವಾರಗಳ ಮಟ್ಟಿಗೆ ಸರಿ. ತಿಂಗಳುಗಟ್ಟಲೆ ಇದ್ದರೆ ಮೂಗು ಹುಣ್ಣಾಗುತ್ತದೆ, ಮಗು ಕೈಹಾಕಿ ಎಳೆಯುತ್ತದೆ, ಜಾರಿದ ನಳಿ ಉಸಿರುದಾರಿಗೆ ಸೇರುವ ಭಯ ಸದಾ ಇರುತ್ತದೆ. ಪ್ರತಿ ಸಲ ಹಾಲು ಹಾಕುವ ಮುನ್ನ ನಳಿ ಹೊಟ್ಟೆಯಲ್ಲೇ ಇದೆಯೇ ಎಂದು ನೋಡಬೇಕು. ಮೂಗಿನ ಬಳಿ ಪೆನ್ನಿನಿಂದ ಹಾಕಿದ ಗುರುತು ಸರಿದಿದೆಯೇ ಎಂದು ಪರೀಕ್ಷಿಸಬೇಕು. ಸಿರಿಂಜಿನಿಂದ ತುಸು ರಸ ಎಳೆದು ಪಿಎಚ್ ಕಾಗದಕ್ಕೆ ಹಚ್ಚಬೇಕು. ಹೊಟ್ಟೆಯ ರಸ ಹುಳಿ, ಹಾಗಾಗಿ 5.5 ಅಥವಾ ಅದಕ್ಕಿಂತ ಕಡಿಮೆ ಬರಬೇಕು. ಗಾಳಿ ತಳ್ಳಿ ಹೊಟ್ಟೆಯ ಮೇಲೆ ಕಿವಿಯಿಟ್ಟು ಸದ್ದು ಕೇಳುವ ಹಳೆಯ ಪದ್ಧತಿಯನ್ನು ನೆಚ್ಚಿಕೊಳ್ಳಬಾರದು ಎಂದು ವೈದ್ಯರು ಈಗ ಸ್ಪಷ್ಟವಾಗಿ ಹೇಳುತ್ತಾರೆ. ಸಂದೇಹವಿದ್ದರೆ ಹಾಲು ಹಾಕಬಾರದು, ಅಷ್ಟೇ. ಇನ್ನು ರಾತ್ರಿ ನಳಿ ಕಿತ್ತು ಬಂದರೆ ಹಾಕುವವರಾರು? ತಂಗಿ ಅದಕ್ಕಾಗಿಯೇ ಎಷ್ಟೋ ಸಲ ಕಲಬುರಗಿಯವರೆಗೆ ಬಂದಿದ್ದಳು.

ಹೊಟ್ಟೆಯ ಮೇಲಿನಿಂದ ನೇರವಾಗಿ ಜಠರಕ್ಕೆ ನಳಿ ಇಡುವುದು ಒಳ್ಳೆಯದು ಎಂದು ವೈದ್ಯೆ ಹೇಳಿದಾಗ ಮನೆಯಲ್ಲಿ ಬಿರುಗಾಳಿಯೆದ್ದಿತು. "ಹೆಣ್ಣು ಮಗುವಿನ ಹೊಟ್ಟೆಗೆ ತೂತು ಹಾಕಿಸುತ್ತೀರಾ?" ಎಂದು ಅತ್ತೆ ಅತ್ತರು. ಬಂಧುಗಳು ಫೋನಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳಿದರು. ಒಬ್ಬರು ತಾಯತ ಕಳುಹಿಸಿದರು, ಇನ್ನೊಬ್ಬರು ನಾಟಿ ವೈದ್ಯರ ವಿಳಾಸ ಕೊಟ್ಟರು. ತಂಗಿಯ ಗಂಡ ತನ್ನ ಬೀಜ-ಗೊಬ್ಬರದ ಅಂಗಡಿಯಿಂದ ರಾತ್ರಿ ತಡವಾಗಿ ಬರತೊಡಗಿದ.

ತಂಗಿಯ ಮನಸ್ಸನ್ನು ತಿರುಗಿಸಿದ್ದು ವೈದ್ಯೆ ಹೇಳಿದ ಒಂದು ಸಣ್ಣ ಸಂಗತಿ. ಹೊಟ್ಟೆಯನ್ನು ದೊಡ್ಡದಾಗಿ ಕೊಯ್ಯದೆ, ಎಂಡೋಸ್ಕೋಪಿಯ ನೆರವಿನಿಂದ ಈ ನಳಿ ಇಡುವ ವಿಧಾನವನ್ನು ಕಂಡುಹಿಡಿದದ್ದು 1979ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ. ಮಕ್ಕಳ ಶಸ್ತ್ರವೈದ್ಯ ಮೈಕೆಲ್ ಗೌಡರರ್ ಮತ್ತು ಜೆಫ್ರಿ ಪಾನ್ಸ್‌ಕಿ ಎಂಬ ಇಬ್ಬರ ಕೆಲಸ ಅದು. ಮೊದಲು ಅದನ್ನು ಮಾಡಿದ್ದು ಯಾವ ದೊಡ್ಡವರಿಗೂ ಅಲ್ಲ, ಬಾಯಿಂದ ಸಾಕಷ್ಟು ಉಣ್ಣಲಾಗದ, ಇನ್ನೂ ಆರು ತಿಂಗಳೂ ತುಂಬದ ಒಂದು ಕೂಸಿಗೆ. "ಅಂದರೆ ಇದನ್ನು ಹುಡುಕಿದ್ದೇ ನನ್ನ ಮಗಳಂಥವರಿಗೋಸ್ಕರ" ಎಂದಳು ತಂಗಿ. ಆ ವರ್ಷದ ಕೊನೆಗೆ ಆಪರೇಷನ್ ಆಯಿತು. ಅಳು, ನೋವು, ಎರಡು ವಾರ ಗಾಯದ ಆರೈಕೆ ಎಲ್ಲವೂ ಇದ್ದವು. ಆದರೆ ಮೂಗಿನ ಅಂಟುಪಟ್ಟಿ ತೆಗೆದ ದಿನ ಎಷ್ಟೋ ತಿಂಗಳ ಮೇಲೆ ಮಗುವಿನ ಪೂರ್ತಿ ಮುಖ ಕಂಡಿತು. ಕೆನ್ನೆಯ ಮೇಲೆ ಪಟ್ಟಿ ಇದ್ದ ಜಾಗ ಬೆಳ್ಳಗೆ ಉಳಿದಿತ್ತು. ಅತ್ತೆ ಆ ಜಾಗಕ್ಕೆ ಎಣ್ಣೆ ಹಚ್ಚಿದರು. ಒಂದು ವರ್ಷದ ಮೇಲೆ ಅವರು ಮಗುವನ್ನು ಮುಟ್ಟಿದ್ದು ಅಂದೇ.

ಅಡುಗೆಮನೆಯ ಹೊಸ ಪಾಠ

ಈ ಸಲ ನಾನು ಹೋದಾಗ ತಂಗಿಯ ಅಡುಗೆಮನೆಯಲ್ಲಿ ನಾಲ್ಕು ದಿನ ನಿಂತು ನೋಡಿದೆ. ನಿಮ್ಮ ಮನೆಯಲ್ಲಿ ಅಥವಾ ನೆರೆಯಲ್ಲಿ ಇಂಥ ಮಗು ಇದ್ದರೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಆದರೆ ಯಾವ ಮಗುವಿಗೆ ಎಷ್ಟು, ಏನು ಎಂಬುದನ್ನು ಆ ಮಗುವಿನ ವೈದ್ಯರು ಮತ್ತು ಆಹಾರ ತಜ್ಞರೇ ಹೇಳಬೇಕು. ಒಂದು ಮಗುವಿನ ಲೆಕ್ಕ ಇನ್ನೊಂದಕ್ಕೆ ಹೊಂದುವುದಿಲ್ಲ.

ನಳಿಗೆಂದೇ ತಯಾರಾದ ಪುಡಿಗಳು ಪೇಟೆಯಲ್ಲಿ ಸಿಗುತ್ತವೆ, ಆದರೆ ತುಟ್ಟಿ. ತಂಗಿ ಆಹಾರ ತಜ್ಞೆಯನ್ನು ಕೇಳಿ ಮನೆಯ ಊಟವನ್ನೇ ಹೊಂದಿಸಿಕೊಂಡಿದ್ದಾಳೆ. ಅನ್ನ ಇಲ್ಲವೇ ಜೋಳದ ನುಚ್ಚು, ಈ ನೆಲದ ತೊಗರಿಬೇಳೆ, ಗಜ್ಜರಿ, ಬೇಯಿಸಿದ ಮೊಟ್ಟೆ, ಹಾಲು, ಮೇಲೆ ಅಳತೆಯ ಎಣ್ಣೆ. ಎಲ್ಲವನ್ನೂ ಮೆತ್ತಗೆ ಬೇಯಿಸಿ, ಮಿಕ್ಸರಿನಲ್ಲಿ ನುಣ್ಣಗೆ ರುಬ್ಬಿ, ಚಹಾ ಸೋಸುವ ಜಾಲರಿಯಲ್ಲಿ ಎರಡು ಸಲ ಸೋಸುತ್ತಾಳೆ. ಮೊದಮೊದಲು ನಳಿ ಕಟ್ಟಿಕೊಳ್ಳುತ್ತದೆಂಬ ಹೆದರಿಕೆಯಿಂದ ಬರೀ ಗಂಜಿ ತಿಳಿ, ಬೇಳೆಯ ಕಟ್ಟು ಹಾಕುತ್ತಿದ್ದಳಂತೆ. ಹೊಟ್ಟೆ ತುಂಬುತ್ತಿತ್ತು, ತೂಕ ಏರುತ್ತಿರಲಿಲ್ಲ. ನೀರಾದ ಆಹಾರದಲ್ಲಿ ಶಕ್ತಿ ಇರುವುದಿಲ್ಲ ಎಂದು ತಿಳಿಯಲು ಅವಳಿಗೆ ಮೂರು ತಿಂಗಳು ಹಿಡಿಯಿತು.

ಕೈ ತೊಳೆದು, ಮಗುವನ್ನು ಓರೆಯಾಗಿ ಕುಳ್ಳಿರಿಸಿ, ಹಿಡಿ ತೆಗೆದ ದೊಡ್ಡ ಸಿರಿಂಜನ್ನು ನಳಿಗೆ ಜೋಡಿಸಿ, ತುಸು ಎತ್ತರಕ್ಕೆ ಹಿಡಿದು ಸುರಿಯುತ್ತಾಳೆ. ಒತ್ತುವುದಿಲ್ಲ. ತನ್ನ ಭಾರಕ್ಕೆ ತಾನೇ ಇಳಿಯಬೇಕು. ಇಪ್ಪತ್ತು ಮೂವತ್ತು ನಿಮಿಷ, ಅಂದರೆ ನಾವು ನಿಧಾನವಾಗಿ ಉಣ್ಣುವಷ್ಟೇ ಹೊತ್ತು. ಕೊನೆಗೆ ಕಾಯಿಸಿ ಆರಿಸಿದ ನೀರು ಹಾಕಿ ನಳಿ ತೊಳೆಯುತ್ತಾಳೆ. ಆಮೇಲೂ ಅರ್ಧ ಗಂಟೆಗೆ ಕಡಿಮೆಯಿಲ್ಲದಂತೆ ಮಲಗಿಸುವುದಿಲ್ಲ. ಔಷಧವನ್ನು ಊಟದಲ್ಲಿ ಬೆರೆಸುವುದಿಲ್ಲ. ಬೇರೆಯಾಗಿ ಹಾಕಿ ಹಿಂದೆ ಮುಂದೆ ನೀರು. ನಳಿ ಕಟ್ಟಿಕೊಂಡರೆ ಉಗುರುಬೆಚ್ಚನೆಯ ನೀರಿನಿಂದ ಮೆಲ್ಲಗೆ ಪ್ರಯತ್ನ, ತಂತಿ ಗಿಂತಿ ಹಾಕುವಂತಿಲ್ಲ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಈ ಸೀಮೆಯಲ್ಲಿ ರುಬ್ಬಿದ ಆಹಾರ ಬಹು ಬೇಗ ಕೆಡುತ್ತದೆ. ಕರೆಂಟು ಹೋದರೆ ಫ್ರಿಜ್ಜೂ ಇಲ್ಲ. ಹಾಗಾಗಿ ಆಯಾ ಹೊತ್ತಿನದು ಆಯಾ ಹೊತ್ತಿಗೆ. ಉಳಿದದ್ದು ಚೆಲ್ಲಬೇಕಾದಾಗ ಅವಳಿಗೆ ಸಂಕಟವಾಗುತ್ತದೆ. ಆದರೂ ಚೆಲ್ಲುತ್ತಾಳೆ.

ಇನ್ನೊಂದು ಮಾತು. ಬಾಯಿಂದ ಉಣ್ಣದ ಮಗುವಿನ ಬಾಯಿಯನ್ನು ನಾವು ಮರೆಯುತ್ತೇವೆ. ಅವಳ ಹಲ್ಲನ್ನೂ ದಿನಕ್ಕೆ ಎರಡು ಸಲ ಉಜ್ಜಬೇಕು. ಇಲ್ಲದಿದ್ದರೆ ಬಾಯಿಯ ಕೊಳೆ ಜೊಲ್ಲಿನ ಜೊತೆ ಎದೆಗೆ ಇಳಿದು ಮತ್ತೆ ಜ್ವರ. ಈಗ ನುಂಗುವಿಕೆಯ ಚಿಕಿತ್ಸಕರು ಅನುಮತಿ ಕೊಟ್ಟಿರುವುದರಿಂದ, ನೇರವಾಗಿ ಕುಳ್ಳಿರಿಸಿ, ಬೆರಳ ತುದಿಗೆ ಹತ್ತಿದಷ್ಟು ರುಚಿಯನ್ನು ನಾಲಿಗೆಗೆ ತಾಗಿಸುತ್ತಾರೆ. ಹೊಟ್ಟೆಗಲ್ಲ, ನಾಲಿಗೆಗೆ ಅದರ ಕೆಲಸ ಮರೆಯಬಾರದೆಂದು.

ದೂರದ ಲೆಕ್ಕ

ನಗರದಲ್ಲಿರುವ ನಮಗೆ ಆಸ್ಪತ್ರೆ ಎಂದರೆ ಆಟೋ ದೂರ. ಯಡ್ರಾಮಿಯ ತಾಯಿಗೆ ಅದು ಎರಡು ಗಂಟೆಯ ದಾರಿ. ಹೊಟ್ಟೆಯ ನಳಿ ಅಕಸ್ಮಾತ್ ಕಿತ್ತು ಬಂದರೆ ಆ ದಾರಿ ಕೆಲವೇ ಗಂಟೆಗಳಲ್ಲಿ ಕಿರಿದಾಗಿ ಮುಚ್ಚತೊಡಗುತ್ತದೆ. ಕಲಬುರಗಿ ಮುಟ್ಟುವಷ್ಟರಲ್ಲಿ ತಡವಾದರೆ ಮತ್ತೆ ಆಪರೇಷನ್. ಅದಕ್ಕೆಂದೇ ವೈದ್ಯರು ದಾರಿ ಮುಚ್ಚದಂತೆ ತಾತ್ಕಾಲಿಕವಾಗಿ ಇಡುವ ನಳಿಯೊಂದನ್ನು ಕೊಟ್ಟು, ಇಡುವ ಬಗೆಯನ್ನು ತಂಗಿಯ ಕೈಯಿಂದಲೇ ಎರಡು ಸಲ ಮಾಡಿಸಿ ಕಳುಹಿಸಿದ್ದಾರೆ. ಕಲಿಸದೆ ಯಾರೂ ಮಾಡುವಂಥದ್ದಲ್ಲ ಅದು. ಹಾಗೆ ಇಟ್ಟ ಮೇಲೂ ಹಾಲು ಹಾಕದೆ ಆಸ್ಪತ್ರೆಗೆ ಹೊರಡಬೇಕು.

ಅವಳ ಮನೆಯ ಬಾಗಿಲ ಹಿಂದೆ ಮೊಳೆಗೆ ಒಂದು ಚೀಲ ತೂಗುತ್ತದೆ. ಅದರಲ್ಲಿ ಆ ನಳಿ, ಸಿರಿಂಜು, ಸ್ವಚ್ಛ ಬಟ್ಟೆ, ಔಷಧಗಳ ಚೀಟಿ, ಆಪರೇಷನ್ನಿನ ಕಾಗದ, ಆಧಾರ್ ಕಾರ್ಡು. 2020ರ ಅಕ್ಟೋಬರ್‌ನಲ್ಲಿ ಭೀಮೆ ಉಕ್ಕಿ ಈ ಕಡೆಯ ಎಷ್ಟೋ ಊರುಗಳನ್ನು ಮುಳುಗಿಸಿದ್ದು ಅವರಿಗೆ ನೆನಪಿದೆ. 2025ರ ಸೆಪ್ಟೆಂಬರ್‌ನಲ್ಲಿ ನದಿ ಮತ್ತೆ ಉಕ್ಕಿದಾಗ ತಂಗಿ ಆ ಚೀಲಕ್ಕೆ ಇನ್ನೂ ಒಂದು ವಾರದ ಔಷಧ ಸೇರಿಸಿದಳು. ಹೊಳೆಯ ಆಚೆಗಿರುವ ಆಸ್ಪತ್ರೆಯನ್ನೊಂದೇ ನಂಬಿ ಕೂರುವಂತಿಲ್ಲ ಎಂದು, ವಿಜಯಪುರದ ಕಡೆಯ ಒಬ್ಬ ಮಕ್ಕಳ ವೈದ್ಯರ ನಂಬರನ್ನೂ ಬರೆದಿಟ್ಟಿದ್ದಾಳೆ.

ಸರಕಾರದಿಂದ ಸಿಗುವುದನ್ನು ಕೇಳಿ ಪಡೆಯಬೇಕು, ಸಂಕೋಚ ಪಡಬೇಕಿಲ್ಲ. ಅಂಗನವಾಡಿ ಮತ್ತು ಶಾಲೆಗಳಿಗೆ ಬಂದು ಮಕ್ಕಳನ್ನು ಪರೀಕ್ಷಿಸುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸುತ್ತದೆ. ಸೆರೆಬ್ರಲ್ ಪಾಲ್ಸಿ ಅದರಲ್ಲಿ ಸೇರಿದೆ. ಯುಡಿಐಡಿ ಕಾರ್ಡು ಮಾಡಿಸಿದರೆ ಮುಂದಿನ ಬಾಗಿಲುಗಳು ತೆರೆಯುತ್ತವೆ. ರಾಷ್ಟ್ರೀಯ ನ್ಯಾಸದ ನಿರಾಮಯ ವಿಮೆಯಲ್ಲಿ ಇಂಥ ಮಕ್ಕಳ ಚಿಕಿತ್ಸೆಗೆ ವರ್ಷಕ್ಕೆ ಒಂದು ಲಕ್ಷ ರೂಪಾಯಿವರೆಗೆ ನೆರವುಂಟು. ಶಾಲೆಗೆ ಹೋಗಲಾಗದ ತೀವ್ರ ಅಂಗವೈಕಲ್ಯದ ಮಗುವಿಗೆ ಮನೆಯಲ್ಲೇ ಪಾಠ ಪಡೆಯುವ ಹಕ್ಕಿದೆ. ಬರುವ ವರ್ಷಗಳಲ್ಲಿ ನಮ್ಮ ಹುಡುಗಿಗೂ ಅದು ಬೇಕಾಗುತ್ತದೆ. ಇವೆಲ್ಲ ಒಂದೇ ದಿನದಲ್ಲಿ ಆಗುವುದಿಲ್ಲ. ಕಾಗದ ಹಿಡಿದು ಅಲೆದಾಟ ಇದ್ದೇ ಇದೆ. ತಂಗಿ ಮೊದಲು ಗಂಡನನ್ನು ಕಳುಹಿಸುತ್ತಿದ್ದಳು. ಈಗ ತಾನೇ ಹೋಗುತ್ತಾಳೆ.

ಎಳ್ಳ ಅಮಾವಾಸ್ಯೆಯ ಬಟ್ಟಲು

ನಾನು ಅಲ್ಲಿದ್ದ ವಾರದಲ್ಲೇ ಎಳ್ಳ ಅಮಾವಾಸ್ಯೆ ಬಂತು. ಈ ಕಡೆಯ ರೈತರಿಗೆ ಅದು ದೊಡ್ಡ ಹಬ್ಬ. ಬಂಡಿಗಳಲ್ಲಿ, ಟ್ರ್ಯಾಕ್ಟರ್‌ಗಳಲ್ಲಿ ಊರಿಗೆ ಊರೇ ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಂಡು ಬರುತ್ತದೆ. ಕಾಳು ಕಾಯಿಪಲ್ಯೆ ಎಲ್ಲ ಕೂಡಿಸಿ ಕುದಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಕಡುಬು. ಪಕ್ಕದ ಮನೆಯ ಹಿರಿಯ ಹೆಂಗಸು ಸಂಜೆ ನಮ್ಮಲ್ಲಿಗೂ ಬುತ್ತಿ ತಂದರು. ಜೊತೆಗೆ ಸೆರಗಿನ ಮರೆಯಲ್ಲಿ ಒಂದು ಪುಟ್ಟ ಬಟ್ಟಲು.

"ಯವ್ವಾ, ಖಾರ ಉಪ್ಪು ಹಾಕೂ ಮೊದಲೇ ಕೂಸಿನ ಪಾಲ ತೆಗೆದಿಟ್ಟೀನಿ. ಮಿಕ್ಸರಿಗಿ ಹಾಕಿ ಸೋಸೀನಿ. ಆಕಿ ನಳಗ್ಯಾಗ ಹಾಕ್ಲಿಕ್ಕ ಬರ್ತದೇನು? ಬರಂಗಿಲ್ಲಂದ್ರ ಬ್ಯಾಡ, ನೀ ಹೇಳಿದಂಗ" ಎಂದರು.

ನಾನು ಆ ಬಟ್ಟಲನ್ನೇ ನೋಡುತ್ತ ನಿಂತೆ. ಅಕ್ಷರ ಕಲಿಯದ ಆ ತಾಯಿ ಎರಡು ಕೆಲಸ ಮಾಡಿದ್ದರು. ಮಗುವಿಗೂ ಹಬ್ಬದಲ್ಲಿ ಪಾಲಿದೆ ಎಂದು ನೆನಪಿಟ್ಟುಕೊಂಡಿದ್ದರು. ಕೊಡುವ ಮುನ್ನ ಕೇಳಿದ್ದರು. ಓದಿದ ನಾನು, ಸ್ವಂತ ಖಾಲಾ, ಅಂದು ಮೊದಲನೆಯದನ್ನು ಮಾತ್ರ ಮಾಡಿದ್ದೆ. ತಂಗಿ ಬಟ್ಟಲಿನೊಳಗೆ ನೋಡಿ, ಚಮಚದಿಂದ ಎತ್ತಿ ಸುರಿದು, "ಸ್ವಲ್ಪ ಗಟ್ಟಿ ಅದ ಯಕ್ಕಾ, ಇನ್ನೊಮ್ಮೆ ಸೋಸ್ತೀನಿ. ಇದರೊಳಗ ಎಳ್ಳು ಇಲ್ಲಲ್ಲಾ?" ಎಂದು ಕೇಳಿದಳು. ಇಬ್ಬರೂ ಒಲೆಯ ಮುಂದೆ ಕುಳಿತು ಅದರ ಮೇಲೆಯೇ ಹತ್ತು ನಿಮಿಷ ಮಾತಾಡಿದರು. ಅಷ್ಟು ಕಾಳು ಅವಳಿಗೆ ಹೊಸದು, ಹಾಗಾಗಿ ಮೊದಲ ದಿನ ನಾಲ್ಕು ಚಮಚದಷ್ಟೇ ಸಾಕೆಂದು ತೀರ್ಮಾನವಾಯಿತು.

ಆ ರಾತ್ರಿ ದಸ್ತರ್‌ಖಾನ್ ಹಾಸಿದಾಗ ಎಲ್ಲರ ನಡುವೆ, ಗೋಡೆಗೆ ಒರಗಿಸಿದ ಅವಳ ಓರೆ ಕುರ್ಚಿಗೆ ಜಾಗ ಬಿಟ್ಟಿದ್ದರು. ಈಗ ಅವಳ ಊಟದ ಹೊತ್ತೂ ಮನೆಯವರ ಊಟದ ಹೊತ್ತೂ ಒಂದೇ. ಕೋಣೆಯ ಬಾಗಿಲು ಮುಚ್ಚುವುದಿಲ್ಲ. ತಂಗಿ ರೊಟ್ಟಿ ಬಡಿಯುತ್ತಿದ್ದುದರಿಂದ ಸಿರಿಂಜು ಹಿಡಿದವರು ಅವಳ ಅತ್ತೆ. ಅಂದು "ಇದು ಉಣ್ಣಿಸಿದ ಹಾಗಲ್ಲ" ಎಂದಿದ್ದ ಅದೇ ದಾದಿ. ಸಿರಿಂಜಿಗೆ ಸುರಿಯುವ ಮುನ್ನ ಮಗುವಿನ ಕಿವಿಯ ಬಳಿ ಬಾಗಿ, ನಮ್ಮ ಮಕ್ಕಳಿಗೆಲ್ಲ ಹೇಳಿಕೊಟ್ಟಂತೆ, "ಬಿಸ್ಮಿಲ್ಲಾ ಅನ್ನು ಬೇಟಿ" ಎಂದರು. ಅವಳಿಗೆ ಮಾತು ಬರುವುದಿಲ್ಲ. ದಾದಿಯೇ ಅವಳ ಪರವಾಗಿ ಹೇಳಿ, ಸುರಿದರು. ಭಜ್ಜಿಯ ಬಟ್ಟಲನ್ನು ನನ್ನ ಕಿರಿಯ ಮಗ ಅವಳ ಮೂಗಿನ ಬಳಿ ಹಿಡಿದ. ಹೊಳ್ಳೆ ಅರಳಿತು.

ಸಹೋದರಿಯರೇ, ನಮ್ಮಲ್ಲಿ ಪ್ರೀತಿ ಎಂದರೆ ಉಣ್ಣಿಸುವುದು. ಬಂದವರಿಗೆ ಬಡಿಸದೆ ಕಳುಹಿಸುವುದು ನಮಗೆ ಗೊತ್ತಿಲ್ಲ. ಹಾಗಾಗಿಯೇ ಬಾಯಿಂದ ಉಣ್ಣದ ಮಗುವನ್ನು ಕಂಡಾಗ ನಮ್ಮ ಕೈಗಳಿಗೆ ಕೆಲಸ ತಪ್ಪಿದಂತಾಗುತ್ತದೆ. ಅದಕ್ಕೇ ಅಯ್ಯೋ ಎನ್ನುತ್ತೇವೆ, ಮುಖ ತಿರುಗಿಸುತ್ತೇವೆ, ಇಲ್ಲವೇ ನನ್ನಂತೆ ಕದ್ದು ಬಾಯಿಗೆ ಹಾಕುತ್ತೇವೆ. ಮೂರೂ ಬೇಡ. ಅಂಥ ಮನೆಗೆ ನೀವು ಹೋದರೆ ಮಗುವನ್ನು ಹೆಸರು ಹಿಡಿದು ಮಾತಾಡಿಸಿ. ನಳಿಯ ಬಗ್ಗೆ ಪಿಸುಮಾತು ಬೇಡ, ಏನೆಂದು ನೇರವಾಗಿ ಕೇಳಿ. ತಾಯಿ ಹೇಳುತ್ತಾಳೆ. ಅವಳಿಗೂ ಹೇಳಬೇಕೆಂದಿರುತ್ತದೆ. ಸಾಧ್ಯವಾದರೆ ಒಂದು ಹೊತ್ತು ಕಲಿತುಕೊಂಡು ಸಿರಿಂಜು ಹಿಡಿಯಿರಿ. ಆ ಅರ್ಧ ಗಂಟೆಯಲ್ಲಿ ಅವಳು ಬಿಸಿ ರೊಟ್ಟಿಯನ್ನು ಬಿಸಿಯಿರುವಾಗಲೇ ತಿಂದಾಳು. ಎಷ್ಟು ದಿನಗಳಿಂದ ಅವಳು ಆರಿದ ರೊಟ್ಟಿ ತಿನ್ನುತ್ತಿದ್ದಾಳೋ ಯಾರಿಗೆ ಗೊತ್ತು?

ಮರುದಿನ ಬೆಳಗಿನ ಬಸ್ಸಿಗೆ ನಾನು ಹೊರಟೆ. ಬಾಗಿಲ ಹಿಂದಿನ ಚೀಲ ಮೊಳೆಯಲ್ಲೇ ಇತ್ತು. ಇದ್ದಲ್ಲೇ ಇರಲಿ ಎಂದು ಮನಸ್ಸಿನಲ್ಲೇ ದುವಾ ಮಾಡಿದೆ. ಕಟ್ಟಿಸಂಗಾವಿಯ ಸೇತುವೆ ಬಂದಾಗ, ಎಲ್ಲರಂತೆ ನಾನೂ ಕಿಟಕಿಯಿಂದ ಹೊಳೆ ನೋಡಿದೆ.